ಮೂಗಿನ ಸೌಂದರ್ಯ ಶಸ್ತ್ರಚಿಕಿತ್ಸೆಯ ಊತಕ್ಕೆ ಸ್ಟೀರಾಯ್ಡ್ ಕೊಡಿಸಬಹುದೇ?

ಪ್ರಶ್ನೆ: ಆಲ್ದೂರಿನ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಮೂಗಿನ ದಿಂಡಿನ ಮೇಲಿರುವ ಮೂಳೆಯ ಉಬ್ಬು ಚಿಕ್ಕಂದಿನಿಂದಲೂ ಅವಳ ಮನಸ್ಸಿಗೆ ನೋವು ಕೊಟ್ಟಿದೆ. ಯಾವ ಮದುವೆಯ ಫೋಟೋದಲ್ಲೂ ಅವಳು ಪಕ್ಕಕ್ಕೆ ತಿರುಗಿ ನಿಂತದ್ದನ್ನು ನಾನು ನೋಡಿಲ್ಲ. ಈಗ ಕೆಲಸಕ್ಕೆ ಸೇರಿ, ತನ್ನ ಸಂಬಳದ ಹಣವನ್ನೇ ಕೂಡಿಟ್ಟು ಈ ತೀರ್ಮಾನಕ್ಕೆ ಬಂದಿದ್ದಾಳೆ. ಆದ್ದರಿಂದ ಮಾಡಿಸಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ, ಅದು ತೀರ್ಮಾನವಾಗಿದೆ.

ನನ್ನ ಪ್ರಶ್ನೆ ಸ್ಟೀರಾಯ್ಡ್ ಕುರಿತದ್ದು. ಉಬ್ಬನ್ನು ತೆಗೆದ ಮೇಲೆ ಮೂಗಿನ ಎರಡೂ ಬದಿಯ ಮೂಳೆಗಳನ್ನು ಕತ್ತರಿಸಿ ಒಳಕ್ಕೆ ಸರಿಸಬೇಕಾಗುತ್ತದೆ, ಅದರಿಂದಾಗಿ ಕಣ್ಣಿನ ಸುತ್ತ ಊತ ಬಂದು ಚರ್ಮ ಕಪ್ಪು-ನೀಲಿಯಾಗುತ್ತದೆ, ಅದನ್ನು ತಗ್ಗಿಸಲು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಡೆಕ್ಸಾಮೆಥಾಸೋನ್ ಎಂಬ ಇಂಜೆಕ್ಷನ್ ಕೊಡುತ್ತೇವೆ ಎಂದು ಸರ್ಜನ್ ವಿವರಿಸಿದರು. ಸ್ಟೀರಾಯ್ಡ್ ಎಂಬ ಮಾತು ಕಿವಿಗೆ ಬಿದ್ದ ಕ್ಷಣದಿಂದ ನಮ್ಮ ತಾಯಿ ಊಟ-ನಿದ್ದೆ ಬಿಟ್ಟಿದ್ದಾರೆ. 2021ರಲ್ಲಿ ನಮ್ಮ ಸೋದರಮಾವನಿಗೆ ಕೋವಿಡ್ ಬಂದು, ಬಹಳ ದಿನ ಸ್ಟೀರಾಯ್ಡ್ ನಡೆದು, ಸಕ್ಕರೆ ಅಂಶ ಏರಿ, ಕೊನೆಗೆ ಕಪ್ಪು ಶಿಲೀಂಧ್ರದಿಂದ ಒಂದು ಕಣ್ಣನ್ನೇ ತೆಗೆಯಬೇಕಾಯಿತು. ಅದೂ ಮೂಗಿನಿಂದಲೇ ಶುರುವಾದ ಕಾಯಿಲೆಯಾದ್ದರಿಂದ ತಾಯಿಯ ಹೆದರಿಕೆಯನ್ನು ನಾನು ತಳ್ಳಿಹಾಕಲಾರೆ. ತಾಯಿಗೆ ಸಕ್ಕರೆ ಕಾಯಿಲೆಯಿದೆ. ತಂಗಿಗೆ ಇಲ್ಲ, ಆದರೆ ಇತ್ತೀಚಿನ ಪರೀಕ್ಷೆಯಲ್ಲಿ ಬರಿಹೊಟ್ಟೆಯ ಸಕ್ಕರೆ 108 ಬಂದಿದೆ.

ಇನ್ನೊಂದೆಡೆ, ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅವಳ ಗೆಳತಿ ಮನೆಗೆ ಬಂದ ಮೇಲೂ ಸ್ಟೀರಾಯ್ಡ್ ಮಾತ್ರೆಗಳನ್ನು ನುಂಗಿದ್ದಳಂತೆ, ಊತ ಬೇಗ ಇಳಿಯಿತಂತೆ. ತಂಗಿ ಶಾಲೆಯಲ್ಲಿ ಪಾಠ ಮಾಡುವವಳು. ರಜೆ ಮುಗಿಯುವುದರೊಳಗೆ ಮುಖ ತಿಳಿಯಾಗಬೇಕೆಂಬ ಆತುರ ಅವಳಿಗಿದೆ. ಇಂಜೆಕ್ಷನ್ ನಿಜವಾಗಿ ಎಷ್ಟು ಉಪಯೋಗ? ಊತ ಹೆಚ್ಚಾದರೆ ಆಮೇಲೆ ಮಾತ್ರೆ ಕೊಡಬಹುದೇ? ಬೇಡವೆಂದರೆ ಏನಾದರೂ ತೊಂದರೆಯಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ತಾಯಿಗೆ ಓದಿ ಹೇಳುತ್ತೇನೆ.

ಉತ್ತರ 1: ಅರಿವಳಿಕೆ ತಜ್ಞೆ, ಹಾಸನ

ನಮಸ್ಕಾರ. ತಾಯಿಗೆ ಓದಿ ಹೇಳುತ್ತೇನೆ ಎಂದಿರುವುದರಿಂದ ಅವರ ಹೆದರಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಆಧಾರವಿಲ್ಲದ ಹೆದರಿಕೆಯಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ತುತ್ತಾದವರಲ್ಲಿ ಬಹುಪಾಲು ಜನರಿಗೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಿತ್ತು, ಕೋವಿಡ್‌ನಿಂದ ದೇಹ ಮೊದಲೇ ಜರ್ಝರಿತವಾಗಿತ್ತು, ಅದರ ಮೇಲೆ ಸ್ಟೀರಾಯ್ಡ್ ಅನೇಕ ದಿನಗಳ ಕಾಲ, ಎಷ್ಟೋ ಸಲ ಬೇಕಾದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ನಡೆದಿತ್ತು. ಈ ಮೂರೂ ಒಟ್ಟುಗೂಡಿದಾಗ ಆದ ಅನಾಹುತ ಅದು. ಆರೋಗ್ಯವಂತಳಾದ ಯುವತಿಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಒಂದು ಸಲ ಕೊಡುವ ಇಂಜೆಕ್ಷನ್‌ನ ಸ್ಥಿತಿ ಬೇರೆಯೇ. ಔಷಧ ಒಂದೇ ಆದರೂ, ಎಷ್ಟು, ಎಷ್ಟು ದಿನ, ಯಾರಿಗೆ ಎಂಬುದರ ಮೇಲೆ ಅದರ ಗುಣವೂ ದೋಷವೂ ನಿಂತಿದೆ. ದೇಹ ಬೆಳೆಸುವವರು ಹಾಕಿಸಿಕೊಳ್ಳುವ ಸ್ಟೀರಾಯ್ಡ್‌ಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನೂ ತಾಯಿಗೆ ಹೇಳಿ. ನಮ್ಮ ಅಡ್ರಿನಲ್ ಗ್ರಂಥಿ ದಿನವೂ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಜಾತಿಗೆ ಸೇರಿದ ಔಷಧವಿದು.

ಇನ್ನು ಅದು ಮಾಡುವ ಕೆಲಸ. ಮೂಗಿನ ಮೂಳೆಯನ್ನು ಉಳಿಯಿಂದ ಕತ್ತರಿಸುವಾಗ ಅದರ ಪಕ್ಕದಲ್ಲಿ ಹಾದುಹೋಗುವ ಸಣ್ಣ ರಕ್ತನಾಳಗಳು ತುಂಡಾಗುತ್ತವೆ. ಕಣ್ಣಿನ ಕೆಳಗಿನ ಚರ್ಮ ಬಹಳ ತೆಳುವಾದುದು, ಅದರಡಿಯ ಪದರ ಸಡಿಲವಾದುದು. ಆದ್ದರಿಂದ ಅಲ್ಲಿ ರಕ್ತವೂ ನೀರೂ ಸುಲಭವಾಗಿ ತುಂಬಿಕೊಳ್ಳುತ್ತವೆ. ಗಾಯವಾದ ಜಾಗದಲ್ಲಿ ದೇಹವು ಪ್ರೋಸ್ಟಾಗ್ಲಾಂಡಿನ್ ಮೊದಲಾದ ರಾಸಾಯನಿಕಗಳನ್ನು ಬಿಡುಗಡೆ ಮಾಡಿ ಲೋಮನಾಳಗಳ, ಅಂದರೆ ಕೂದಲಿನಷ್ಟು ಸಣ್ಣ ರಕ್ತನಾಳಗಳ, ಗೋಡೆಯನ್ನು ಇನ್ನಷ್ಟು ಸೋರುವಂತೆ ಮಾಡುತ್ತದೆ. ಸ್ಟೀರಾಯ್ಡ್ ತಡೆಯುವುದು ಈ ಎರಡನೆಯ ಹಂತವನ್ನು. ಅದು ಜೀವಕೋಶದೊಳಕ್ಕೆ ಹೋಗಿ, ವಂಶವಾಹಿಗಳ ಮೂಲಕ ಕೆಲಸ ಮಾಡಬೇಕಾದ ಔಷಧವಾದ್ದರಿಂದ ಪೂರ್ಣ ಪರಿಣಾಮಕ್ಕೆ ಕೆಲವು ಗಂಟೆಗಳು ಬೇಕು. ಹೀಗಾಗಿ ಮೂಳೆಗೆ ಉಳಿ ತಾಗುವ ಮೊದಲೇ ಔಷಧ ರಕ್ತದಲ್ಲಿರಬೇಕು. ಊದಿಕೊಂಡ ಮೇಲೆ ಕೊಡುವುದು ಗದ್ದೆಗೆ ನೀರು ನುಗ್ಗಿದ ಮೇಲೆ ಬದು ಕಟ್ಟಿದಂತೆ.

ಉಪಯೋಗ ಎಷ್ಟು ಎಂದು ಕೇಳಿದ್ದೀರಿ. ಮುಖದ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ಟೀರಾಯ್ಡ್ ಬಳಕೆಯ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾಗಿದೆ. ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ 10 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನು ಒಂದು ಸಲ ಕೊಟ್ಟರೆ ಮೊದಲ ಎರಡು ದಿನ ಊತವೂ ಕಲೆಯೂ ಕಡಿಮೆಯಿರುತ್ತವೆ, ಆದರೆ ಆ ವ್ಯತ್ಯಾಸ ಮುಂದೆ ಉಳಿಯುವುದಿಲ್ಲ ಎಂಬುದು ಅದರ ಸಾರ. ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಅನ್ನು 250 ಮಿಲಿಗ್ರಾಂ ಮೀರಿದ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಮೊದಲ ವಾರದುದ್ದಕ್ಕೂ ಸ್ವಲ್ಪ ಉಪಯೋಗ ಕಂಡಿದೆ. ಎರಡಕ್ಕೂ ಇರುವ ಪುರಾವೆ ಸೀಮಿತವೆಂದೇ ಅವರು ಬರೆದಿದ್ದಾರೆ, ಅಧ್ಯಯನಗಳೂ ಚಿಕ್ಕವು. ಆದ್ದರಿಂದ ನಿಮ್ಮ ತಂಗಿಗೆ ಹೀಗೆ ಹೇಳಿ: ಇಂಜೆಕ್ಷನ್‌ನಿಂದ ಮೊದಲ ಎರಡು-ಮೂರು ದಿನ ಕಣ್ಣು ತೆರೆಯಲು ಸುಲಭವಾಗುತ್ತದೆ, ಮುಖ ಅಷ್ಟೊಂದು ಬಿಗಿಯುವುದಿಲ್ಲ; ಎರಡು ವಾರದ ನಂತರದ ಮುಖಕ್ಕೂ, ಒಂದು ವರ್ಷದ ನಂತರದ ಮೂಗಿಗೂ ಅದರಿಂದ ಹೆಚ್ಚೇನೂ ಬದಲಾಗದು.

ಇಷ್ಟೇ ಲಾಭಕ್ಕೆ ಏಕೆ ಕೊಡಬೇಕು ಎಂದು ಕೇಳಬಹುದು. ನಮ್ಮಂಥ ಅರಿವಳಿಕೆಯವರು ಡೆಕ್ಸಾಮೆಥಾಸೋನ್ ಕೊಡಲು ಮತ್ತೊಂದು ಬಲವಾದ ಕಾರಣವಿದೆ: ಅದು ಎಚ್ಚರವಾದ ಮೇಲಿನ ವಾಕರಿಕೆ ಮತ್ತು ವಾಂತಿಯನ್ನು ತಡೆಯುತ್ತದೆ. ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಒಂದಿಷ್ಟು ರಕ್ತ ಗಂಟಲಿನ ಮೂಲಕ ಹೊಟ್ಟೆಗೆ ಇಳಿಯುವುದುಂಟು, ರಕ್ತ ಹೊಟ್ಟೆ ಸೇರಿದರೆ ವಾಂತಿ ಬರುತ್ತದೆ, ವಾಂತಿ ಮಾಡುವಾಗಿನ ಒತ್ತಡಕ್ಕೆ ಮುಖದ ರಕ್ತನಾಳಗಳು ಮತ್ತೆ ಸೋರಿ ಕಣ್ಣಿನ ಸುತ್ತಲಿನ ಕಪ್ಪು ಇನ್ನಷ್ಟು ಹರಡುತ್ತದೆ. ಹೆಂಗಸರಲ್ಲಿ, ಅದರಲ್ಲೂ ಬಸ್ಸು ಹತ್ತಿದರೆ ವಾಂತಿಯಾಗುವವರಲ್ಲಿ, ಈ ಸಮಸ್ಯೆ ಹೆಚ್ಚು. ಘಾಟಿ ರಸ್ತೆಯಲ್ಲಿ ನಿಮ್ಮ ತಂಗಿಗೆ ಹೊಟ್ಟೆ ತೊಳಸುತ್ತದೆಯೇ ಎಂಬುದನ್ನು ಅರಿವಳಿಕೆ ತಪಾಸಣೆಯ ದಿನವೇ ಹೇಳಲು ಮರೆಯಬೇಡಿ. ಸಣ್ಣ ಸಂಗತಿಯೆಂದು ಕಾಣುತ್ತದೆ, ಆದರೆ ನಾವು ಯಾವ ಔಷಧ ಆರಿಸುತ್ತೇವೆಂಬುದು ಅದರ ಮೇಲೆ ನಿಂತಿರುತ್ತದೆ.

ಸೋಂಕಿನ ಭಯಕ್ಕೆ ಒಂದು ದೊಡ್ಡ ಅಧ್ಯಯನದ ಉತ್ತರವಿದೆ. ಆಸ್ಟ್ರೇಲಿಯಾದ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ಯಾಡಿ ಎಂಬ ಪರೀಕ್ಷೆಯಲ್ಲಿ 8,880 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಉಳಿದವರಿಗೆ ಬರಿಯ ಔಷಧರಹಿತ ದ್ರಾವಣ ಕೊಡಲಾಯಿತು. ಗಾಯದ ಸೋಂಕು ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡ 8.1, ಪಡೆಯದವರಲ್ಲಿ ಶೇಕಡ 9.1 ಇತ್ತು, ಅಂದರೆ ಒಂದು ಡೋಸ್‌ನಿಂದ ಸೋಂಕು ಹೆಚ್ಚಲಿಲ್ಲ. ಸಕ್ಕರೆ ಕಾಯಿಲೆ ಇದ್ದವರೂ ಅದರಲ್ಲಿದ್ದರು. ಅವು ಮೂಗಿನ ಶಸ್ತ್ರಚಿಕಿತ್ಸೆಗಳಲ್ಲ, ಬೇರೆ ಬೇರೆ ದೊಡ್ಡ ಶಸ್ತ್ರಚಿಕಿತ್ಸೆಗಳು ಎಂಬುದನ್ನು ನೆನಪಿಟ್ಟುಕೊಂಡೇ ಈ ಅಂಕಿಗಳನ್ನು ಓದಬೇಕು.

ತಂಗಿಯ 108ರ ಮಾತು. ಬರಿಹೊಟ್ಟೆಯ ಸಕ್ಕರೆ 100ರಿಂದ 125ರವರೆಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. ಇಂಜೆಕ್ಷನ್ ಕೊಟ್ಟ ಮೇಲೆ ಒಂದು ದಿನದ ಮಟ್ಟಿಗೆ ಸಕ್ಕರೆ ಏರಿಯೇ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಆ ವರದಿಯನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗಿ. ಆ ರಾತ್ರಿ ನಿದ್ದೆ ಬಾರದಿರಬಹುದು, ಮುಖ ಕೆಂಪೇರಬಹುದು, ಹೊಟ್ಟೆ ಉರಿಯಬಹುದು. ಎಚ್ಚರವಿರುವಾಗ ಈ ಔಷಧವನ್ನು ವೇಗವಾಗಿ ಚುಚ್ಚಿದರೆ ತೊಡೆಸಂದಿಯಲ್ಲಿ ತಡೆಯಲಾರದ ನವೆ ಮತ್ತು ಉರಿ ಬರುವುದುಂಟು. ಆದ್ದರಿಂದಲೇ ನಾವು ರೋಗಿ ನಿದ್ರೆಗೆ ಜಾರಿದ ಮೇಲೆ ಕೊಡುತ್ತೇವೆ.

ಉತ್ತರ 2: ಹಾಸನದ ಗೃಹಿಣಿ

ನಾನು ವೈದ್ಯೆಯಲ್ಲ, ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು. ಮೇಲಿನ ಮೇಡಂ ಹೇಳಿದ ಇಂಜೆಕ್ಷನ್ ನನಗೂ ಕೊಟ್ಟಿದ್ದರು, ಮನೆಗೆ ಯಾವ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಡಲಿಲ್ಲ. ನಿಮ್ಮ ತಂಗಿಗೆ ಮೊದಲೇ ತಿಳಿದಿರಬೇಕಾದ ಒಂದು ವಿಷಯವಿದೆ, ಅಣ್ಣ: ಶಸ್ತ್ರಚಿಕಿತ್ಸೆಯ ದಿನ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಪರವಾಗಿಲ್ಲ ಎನ್ನಿಸುತ್ತದೆ, ಆದರೆ ಊತ ಎರಡನೆಯ, ಮೂರನೆಯ ದಿನಕ್ಕೆ ಏರುತ್ತದೆ. ಬೆಳಿಗ್ಗೆ ಎದ್ದಾಗ ನನ್ನ ಎಡಗಣ್ಣಿನ ರೆಪ್ಪೆ ಎಷ್ಟು ಉಬ್ಬಿತ್ತೆಂದರೆ ರೆಪ್ಪೆಗೂದಲು ಒಳಗೆ ಹೂತುಹೋಗಿ ತುದಿ ಮಾತ್ರ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ, ದಿನವಿಡೀ ಕುಳಿತೇ ಇದ್ದುದರಿಂದ, ಅದು ಅರ್ಧಕ್ಕರ್ಧ ಇಳಿದಿತ್ತು. ಆಮೇಲೆ ಕಣ್ಣಿನ ಕೆಳಗಿನ ನೇರಳೆ ಬಣ್ಣ ಹಸಿರಾಗಿ, ಹಳದಿಯಾಗಿ, ಕೆನ್ನೆಯಿಂದ ದವಡೆಯ ಕಡೆಗೆ ಜಾರುತ್ತಾ ಹೋಯಿತು. ಕಲೆ ಕೆಳಗಿಳಿದದ್ದನ್ನು ಕಂಡು ನಮ್ಮ ಅತ್ತೆಯವರು ಹೊಸ ಗಾಯವೆಂದೇ ಗಾಬರಿಯಾಗಿದ್ದರು. ಇದೆಲ್ಲ ಹೀಗೇ ಆಗಬೇಕಾದದ್ದು ಎಂದು ತಿಳಿದಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತದೆ.

ಮನೆಯಲ್ಲಿ ನೋಡಿಕೊಳ್ಳುವ ಕ್ರಮಕ್ಕೂ ಇಂಜೆಕ್ಷನ್‌ನಷ್ಟೇ ಬೆಲೆಯಿದೆ ಎಂಬುದು ನನ್ನ ಅನುಭವ. ಮೂರು ದಿಂಬುಗಳನ್ನು ಒರಗಿಸಿ, ತಲೆಯೂ ಎದೆಯೂ ಎತ್ತರದಲ್ಲಿರುವಂತೆ ಅಂಗಾತ ಮಲಗಬೇಕು. ಮೊದಲ ಎರಡು ದಿನ ತೆಳುವಾದ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆ ಮತ್ತು ಕಣ್ಣಿನ ಮೇಲೆ ಹಗುರವಾಗಿ ಇಡಬೇಕು. ಮೂಗಿನ ಮೇಲೆ ಇಡಲೇಬಾರದು, ಪ್ಲಾಸ್ಟರ್ ನೆನೆಯಬಾರದು. ನಮ್ಮ ಕಡೆ ಊತವೆಂದರೆ ಮೊದಲು ನೆನಪಾಗುವುದು ಬಿಸಿ ಶಾಖ, ಆದರೆ ಈ ಊತಕ್ಕೆ ಆರಂಭದ ದಿನಗಳಲ್ಲಿ ಶಾಖ ಕೊಟ್ಟರೆ ರಕ್ತನಾಳ ಹಿಗ್ಗಿ ಇನ್ನಷ್ಟು ಊದುತ್ತದೆ. ಹಂಡೆಯ ಕುದಿನೀರಿನ ಹಬೆ ತುಂಬಿದ ಬಚ್ಚಲಲ್ಲಿ ತಲೆಸ್ನಾನ ಮಾಡಿಸುವುದೂ ಬೇಡ. ಬಗ್ಗಿ ಕಸ ಗುಡಿಸುವುದು, ಮಗುವನ್ನು ಎತ್ತುವುದು, ಮೂಗು ಸೀಟುವುದು ಇವೆಲ್ಲ ನಿಲ್ಲಬೇಕು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಉಪ್ಪಿನಕಾಯಿ, ಹಪ್ಪಳ ಕೆಲವು ದಿನ ಬಿಟ್ಟರೆ ಒಳ್ಳೆಯದು, ಉಪ್ಪು ನೀರನ್ನು ಹಿಡಿದಿಡುತ್ತದೆ. ಕನ್ನಡಕ ಹಾಕುವವಳಾಗಿದ್ದರೆ ಅದರ ಭಾರ ಮೂಗಿನ ಮೇಲೆ ಬೀಳದಂತೆ ಏನು ಮಾಡಬೇಕೆಂದು ಸರ್ಜನ್ ಅವರನ್ನು ಮೊದಲೇ ಕೇಳಿ. ಕೆಲವು ವಾರ ಅದು ಮೂಗಿನ ಮೇಲೆ ಕೂರುವಂತಿಲ್ಲ.

ನಂಜಾಗುತ್ತದೆಂದು ಬದನೆಕಾಯಿ, ಮೀನು ಮುಂತಾದವನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದರು. ಸರ್ಜನ್ ಅವರಲ್ಲಿ ಕೇಳಿದಾಗ, ಅದಕ್ಕೂ ಊತಕ್ಕೂ ಸಂಬಂಧವಿಲ್ಲ, ಗಾಯ ಮಾಯಲು ಮೊಟ್ಟೆ, ಬೇಳೆ, ಮೀನು ಬೇಕೇ ಬೇಕು ಎಂದರು. ಹಿರಿಯರ ಮನಸ್ಸು ನೋಯಿಸದೆ ಆ ಮಾತನ್ನು ವೈದ್ಯರ ಬಾಯಿಂದಲೇ ಹೇಳಿಸುವುದು ಉತ್ತಮ.

ಇನ್ನೊಂದು ಮಾತು, ಊರಿಗೆ ಮರಳುವ ಆತುರ ಬೇಡ. ಪ್ಲಾಸ್ಟರ್ ತೆಗೆಯುವವರೆಗೆ, ಅಂದರೆ ಒಂದು ವಾರ, ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಇರಿಸಿ. ಆಮೇಲೆ ಬರುವಾಗಲೂ ಹಾಸನದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬೇಲೂರಿನ ಮೇಲೆ ಕಾರಿನಲ್ಲಿ ಹೋದರೆ ಕುಲುಕಾಟ ಕಡಿಮೆ.

ಉತ್ತರ 3: ಔಷಧ ಅಂಗಡಿಯವರು, ಚಿಕ್ಕಮಗಳೂರು

ಮಾತ್ರೆಯ ವಿಷಯದಲ್ಲಿ ಖಂಡಿತವಾಗಿ ಹೇಳಬೇಕಾದುದನ್ನು ಹೇಳುತ್ತೇನೆ. ವೈಸೋಲೋನ್, ಬೆಟ್ನಿಸೋಲ್, ಮೆಡ್ರಾಲ್, ಡೆಕ್ಸಾ ಎಂದು ಜನ ಹೆಸರು ಹೇಳಿ ಕೇಳುವ ಈ ಮಾತ್ರೆಗಳೆಲ್ಲ ಸ್ಟೀರಾಯ್ಡ್‌ಗಳೇ, ಎಲ್ಲವೂ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿದವು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಹಾಗಿದ್ದೂ ಪಕ್ಕದ ಮನೆಯವರ ಹಳೆಯ ಚೀಟಿ ಹಿಡಿದು, ಅಥವಾ ಮೊಬೈಲಿನಲ್ಲಿ ಮಾತ್ರೆಯ ಫೋಟೋ ತೋರಿಸಿ, ಇದೇ ಬೇಕು ಎಂದು ಬರುವವರು ದಿನವೂ ಇದ್ದಾರೆ. ಗೆಳತಿಗೆ ಅವಳ ವೈದ್ಯರು ಯಾವ ಲೆಕ್ಕದಲ್ಲಿ ಬರೆದರೋ ನಮಗೆ ತಿಳಿಯದು. ಅವಳ ಮಾತ್ರೆ ನಿಮ್ಮ ತಂಗಿಗೆ ಬೇಡ.

ಪ್ರಮಾಣದ ಅಂದಾಜು ನಿಮಗಿರಲಿ. 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್ 5 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ (ವೈಸೋಲೋನ್ ಮಾತ್ರೆಯಲ್ಲಿರುವ ಸ್ಟೀರಾಯ್ಡ್) ಸಮ. ಮೇಜಿನ ಮೇಲೆ ಕೊಡುವ 8 ಮಿಲಿಗ್ರಾಂ ಇಂಜೆಕ್ಷನ್ ಎಂದರೆ ಸುಮಾರು 50 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಆಯಿತು. ಒಂದು ದಿನಕ್ಕೆ ಅದನ್ನು ದೇಹ ತಾಳುತ್ತದೆ. ಅದೇ ಪ್ರಮಾಣವನ್ನು ವಾರಗಟ್ಟಲೆ ನುಂಗಿದರೆ ಸಕ್ಕರೆ, ರಕ್ತದೊತ್ತಡ, ಹೊಟ್ಟೆಯ ಹುಣ್ಣು, ಗಾಯ ಮಾಯುವುದು ಎಲ್ಲದರ ಮೇಲೂ ಅದರ ಕೈ ಬೀಳುತ್ತದೆ. ನೋವಿಗೆಂದು ಬ್ರೂಫೆನ್ ಜಾತಿಯ ಮಾತ್ರೆಯನ್ನು ಜೊತೆಗೆ ಸೇರಿಸಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಇಮ್ಮಡಿಗಿಂತ ಹೆಚ್ಚಾಗುತ್ತದೆ. ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಬ್ರೂಫೆನ್, ಮೀನೆಣ್ಣೆಯ ಕ್ಯಾಪ್ಸೂಲ್ ಇವುಗಳನ್ನು ಶಸ್ತ್ರಚಿಕಿತ್ಸೆಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಸರ್ಜನ್ ಅವರನ್ನು ಕೇಳಿ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಇಂಥವುಗಳಿಂದಲೇ ಎಷ್ಟೋ ಸಲ ಕಲೆ ದೊಡ್ಡದಾಗುತ್ತದೆ. ಊತಕ್ಕೆಂದು ನಮ್ಮಲ್ಲಿ ಬಹಳವಾಗಿ ಬರೆಯುವ ಕೈಮೋರಾಲ್ ಫೋರ್ಟ್ ಜಾತಿಯ ಕಿಣ್ವದ ಮಾತ್ರೆಗಳು ಸ್ಟೀರಾಯ್ಡ್ ಅಲ್ಲ. ಅವುಗಳ ಪರವಾದ ಪುರಾವೆ ದುರ್ಬಲ.

ಕೊನೆಯದಾಗಿ, ಕೀಲುನೋವಿಗೋ ಉಬ್ಬಸಕ್ಕೋ ಹೆಸರಿಲ್ಲದ ಪೊಟ್ಟಣದ ಮಾತ್ರೆ ಅಥವಾ ಪುಡಿಯನ್ನು ಮನೆಯಲ್ಲಿ ಯಾರಾದರೂ ತಂಗಿಗೆ ಕೊಡುತ್ತಿದ್ದರೆ ಅದನ್ನು ಬೆಂಗಳೂರಿನ ವೈದ್ಯರಿಗೆ ಹೇಳಲೇಬೇಕು. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮೂರು ವಾರಕ್ಕಿಂತ ಹೆಚ್ಚು ಕಾಲ ತಿಳಿಯದೆ ಸ್ಟೀರಾಯ್ಡ್ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಮಂಕಾಗಿರಬಹುದು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರಕ್ತದೊತ್ತಡ ಕುಸಿಯಬಹುದು.

ಆಲ್ದೂರಿನ ಅಣ್ಣ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕೋವಿಡ್ ಕಾಲದ ವಿವರಣೆಯನ್ನು ತಾಯಿ ಎರಡು ಸಲ ಓದಿಸಿಕೊಂಡರು. ಎಚ್‌ಬಿಎ1ಸಿ ಮಾಡಿಸಿದೆವು, 5.9 ಬಂದಿದೆ. ಹೊರಗಿನ ಪುಡಿ, ಪೊಟ್ಟಣ ಯಾವುದನ್ನೂ ಅವಳು ತೆಗೆದುಕೊಳ್ಳುತ್ತಿಲ್ಲ. ಇನ್ನೆರಡು ಸಂದೇಹಗಳಿವೆ. ಕೆಲವರಿಗೆ ತಿಂಗಳುಗಳ ನಂತರ ಮೂಗಿನ ತುದಿಗೇ ಸ್ಟೀರಾಯ್ಡ್ ಚುಚ್ಚುತ್ತಾರೆಂದು ತಂಗಿ ಎಲ್ಲೋ ಓದಿದ್ದಾಳೆ, ಅದೇಕೆ? ಮತ್ತೆ, ಬರಬೇಕಾದ ಊತ ಯಾವುದು, ಓಡಿಹೋಗಿ ತೋರಿಸಬೇಕಾದ ಊತ ಯಾವುದು ಎಂದು ನಮ್ಮಂಥವರು ಗುರುತಿಸುವುದು ಹೇಗೆ?

ಉತ್ತರ 4: ಕಿವಿ-ಮೂಗು-ಗಂಟಲು ವೈದ್ಯ, ಚಿಕ್ಕಮಗಳೂರು

5.9 ಎಂದರೆ ಹೊಸ್ತಿಲಿನಲ್ಲೇ ಇದ್ದಾಳೆ, ದಾಟಿಲ್ಲ. ಒಂದು ಡೋಸ್‌ಗೆ ಅದು ಅಡ್ಡಿಯಲ್ಲ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಮತ್ತೊಂದು, ಮರುದಿನ ಇನ್ನೊಂದು ಎಂದು ಡೋಸ್‌ಗಳನ್ನು ಮುಂದುವರಿಸುವ ಪದ್ಧತಿ ಅನೇಕ ಕಡೆ ಇದೆ. ಇಂಥ ಹೊಸ್ತಿಲಿನಲ್ಲಿರುವವರಿಗೆ ನಾನು ಅದನ್ನು ಬಯಸುವುದಿಲ್ಲ, ನಿಮ್ಮ ಸರ್ಜನ್ ಬೇರೆ ರೀತಿ ಯೋಚಿಸಿದ್ದರೆ ಕಾರಣ ಕೇಳಿ ತಿಳಿದುಕೊಳ್ಳಿ. ಊತವನ್ನು ಮೊದಲು ನಿರ್ಧರಿಸುವುದು ಶಸ್ತ್ರಚಿಕಿತ್ಸೆಯ ನಯ. ಮೂಳೆಯನ್ನು ಉಳಿಯ ಬದಲು ಅಲ್ಟ್ರಾಸೌಂಡ್ ಕಂಪನದ ಪೀಜೋ ಉಪಕರಣದಿಂದ ಕತ್ತರಿಸಿದಾಗ ಸುತ್ತಲಿನ ಮೆದು ಭಾಗಕ್ಕೆ ಪೆಟ್ಟು ಕಡಿಮೆ. ರಕ್ತದೊತ್ತಡವನ್ನು ಹದವಾಗಿ ಇಳಿಸಿ ಇಟ್ಟುಕೊಂಡರೆ ರಕ್ತಸ್ರಾವ ಕಡಿಮೆ. ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೂ ಕಡಿಮೆ. ಮುಟ್ಟಿನ ಸಮಯದ ಅತಿಸ್ರಾವಕ್ಕೆ ಹೆಂಗಸರಿಗೆ ಕೊಡುವ ಔಷಧವೇ ಅದು, ಮನೆಯಲ್ಲಿ ಯಾರಿಗಾದರೂ ಪರಿಚಯವಿರಬಹುದು. ಇವುಗಳಲ್ಲಿ ಯಾವುದನ್ನು ಬಳಸುತ್ತೀರಿ ಎಂದು ಸ್ಟೀರಾಯ್ಡ್ ಕುರಿತು ಕೇಳುವಾಗಲೇ ಕೇಳಿ.

ಇಂಜೆಕ್ಷನ್ ಬೇಡವೆಂದರೆ ತೊಂದರೆಯೇ ಎಂದು ಮೊದಲು ಕೇಳಿದ್ದಿರಿ, ಅದಕ್ಕೆ ಯಾರೂ ನೇರ ಉತ್ತರ ಕೊಟ್ಟಂತಿಲ್ಲ. ಬೇಡವೆಂದರೆ ಮೂಗಿನ ಆಕಾರಕ್ಕೆ ಏನೂ ಆಗುವುದಿಲ್ಲ. ಮೊದಲ ಎರಡು-ಮೂರು ದಿನ ಸ್ವಲ್ಪ ಹೆಚ್ಚು ಊದಬಹುದು, ವಾಂತಿಗೆ ಬೇರೆ ಔಷಧ ಕೊಡಬೇಕಾಗುತ್ತದೆ, ಅಷ್ಟೇ. ತಾಯಿಯ ಮನಸ್ಸು ಒಪ್ಪದಿದ್ದರೆ ಬೇಡವೆನ್ನುವ ಹಕ್ಕು ನಿಮ್ಮ ತಂಗಿಗೆ ಇದ್ದೇ ಇದೆ, ಆ ತೀರ್ಮಾನ ಅವಳದಾಗಿರಲಿ.

ಮೂಗಿನ ತುದಿಯ ಚುಚ್ಚುಮದ್ದು ಬೇರೆಯದೇ ವಿಷಯ. ಕಣ್ಣಿನ ಸುತ್ತಲಿನ ಕಪ್ಪು ಸಾಮಾನ್ಯವಾಗಿ ಎರಡು ವಾರದಲ್ಲಿ ಹೋಗುತ್ತದೆ, ಆದರೆ ಮೂಗಿನ ತುದಿಯ ಊತ ಪೂರ್ತಿಯಾಗಿ ಇಳಿಯಲು ಒಂದು ವರ್ಷ ಹಿಡಿಯುತ್ತದೆ, ದಪ್ಪ ಚರ್ಮದವರಲ್ಲಿ ಇನ್ನೂ ಹೆಚ್ಚು. ಕೆಲವರಲ್ಲಿ ತುದಿಯ ಮೇಲ್ಭಾಗದಲ್ಲಿ ಗಾಯದ ನಾರು ಅತಿಯಾಗಿ ಬೆಳೆದು, ಮೂಗು ಗಿಳಿಯ ಕೊಕ್ಕಿನಂತೆ ಬಾಗಿದ ಹಾಗೆ ಕಾಣಿಸುತ್ತದೆ. ಆಗ ಟ್ರಯಾಮ್ಸಿನೋಲೋನ್ ಎಂಬ, ನಿಧಾನವಾಗಿ ಕರಗುವ ಸ್ಟೀರಾಯ್ಡ್‌ನ ಕೆಲವೇ ಹನಿಗಳನ್ನು ಚರ್ಮದ ಅಡಿಯ ಆಳದ ಪದರಕ್ಕೆ ಹಾಕಿ, ವಾರಗಳ ಅಂತರ ಕೊಟ್ಟು ಮತ್ತೆ ನೋಡುತ್ತೇವೆ. ಔಷಧ ಚರ್ಮದೊಳಗೇ ಸೇರಿದರೆ ಅಥವಾ ಪ್ರಮಾಣ ಹೆಚ್ಚಾದರೆ ಅಲ್ಲಿ ಗುಳಿ ಬೀಳುತ್ತದೆ, ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು ಕಾಣುತ್ತವೆ, ಬಣ್ಣವೂ ಹೋಗಬಹುದು. ಅದನ್ನು ಸರಿಪಡಿಸುವುದು ಬಹಳ ಕಷ್ಟ. ಬಹಳ ಅಪರೂಪಕ್ಕೆ ಔಷಧದ ಕಣಗಳು ರಕ್ತನಾಳದ ಮೂಲಕ ಕಣ್ಣಿನ ಕಡೆಗೆ ಸಾಗಿ ದೃಷ್ಟಿ ಹೋದ ಉದಾಹರಣೆಗಳೂ ವೈದ್ಯ ಸಾಹಿತ್ಯದಲ್ಲಿವೆ. ಆದ್ದರಿಂದ ಇದನ್ನು ಶಸ್ತ್ರಚಿಕಿತ್ಸೆ ಮಾಡಿದ ಸರ್ಜನ್ ಅವರೇ ಮಾಡಬೇಕು, ಸೌಂದರ್ಯ ಕೇಂದ್ರಗಳಲ್ಲಿ ಹಾಕಿಸಿಕೊಳ್ಳುವ ಮಾತೇ ಬೇಡ. ಬಹಳ ಜನರಿಗೆ ಇದರ ಅಗತ್ಯವೇ ಬೀಳುವುದಿಲ್ಲ. ರಾತ್ರಿ ಹೊತ್ತು ತುದಿಗೆ ಟೇಪ್ ಹಚ್ಚಿಕೊಂಡು ಕಾಯುವುದರಲ್ಲೇ ಇಳಿಯುತ್ತದೆ.

ಇನ್ನು ಓಡಿಬರಬೇಕಾದ ಊತ. ಮಾಮೂಲಿನ ಊತ ಎರಡೂ ಬದಿಗೆ ಹೆಚ್ಚುಕಡಿಮೆ ಸಮವಾಗಿರುತ್ತದೆ, ಮೂರನೆಯ ದಿನದ ನಂತರ ದಿನದಿಂದ ದಿನಕ್ಕೆ ಇಳಿಯುತ್ತದೆ, ಅದರಲ್ಲಿ ಮಿಡಿಯುವ ನೋವಿರುವುದಿಲ್ಲ. ಇಳಿಯುತ್ತಿದ್ದ ಊತ ಮತ್ತೆ ಏರಿದರೆ, ಒಂದೇ ಬದಿ ದಿಢೀರನೆ ಉಬ್ಬಿದರೆ, ಜ್ವರ ಬಂದರೆ, ದೃಷ್ಟಿ ಮಂಜಾದರೆ ಅಥವಾ ಎರಡೆರಡಾಗಿ ಕಂಡರೆ, ಬಾಯಿಯಲ್ಲಿ ತಾಜಾ ರಕ್ತ ಬರುತ್ತಲೇ ಇದ್ದರೆ ಹೊತ್ತು ನೋಡಬಾರದು. ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಮೂಗಿನ ನಡುಗೋಡೆಯಲ್ಲಿ ರಕ್ತ ತುಂಬಿಕೊಳ್ಳುವುದು. ಎರಡೂ ಹೊಳ್ಳೆ ಪೂರ್ತಿ ಕಟ್ಟಿ, ನೋವು ಹೆಚ್ಚುತ್ತಾ ಹೋಗಿ, ಒಳಗೆ ಇಣುಕಿದರೆ ನಡುವೆ ಮೆತ್ತಗಿನ ಕೆನ್ನೀಲಿ ಉಬ್ಬು ಕಾಣುತ್ತದೆ. ನಡುಗೋಡೆಯ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ, ಅದರ ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ರಕ್ತ ತುಂಬಿ ಪೊರೆ ಬೇರ್ಪಟ್ಟರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು ಮೂಗಿನ ದಿಂಡು ಕುಸಿಯುತ್ತದೆ. ಅದನ್ನು ಕೂಡಲೇ ಸೀಳಿ ತೆಗೆಯಬೇಕು. ಊತವೆಂದು ಭಾವಿಸಿ ಮನೆಯಲ್ಲಿ ಸ್ಟೀರಾಯ್ಡ್ ಮಾತ್ರೆ ನುಂಗಿಸಿದರೆ ನೋವು, ಜ್ವರ ಮರೆಯಾಗಿ, ತೋರಿಸುವುದು ತಡವಾಗುತ್ತದೆ. ಮೇಲೆ ಅಂಗಡಿಯ ಯಜಮಾನರು ಬರೆದುದಕ್ಕೆ ನಾನು ಸೇರಿಸುವ ಕಾರಣ ಇದೇ. ಆಲ್ದೂರಿಗೆ ಬಂದ ಮೇಲೆ ಹೀಗಾದರೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ, ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಹತ್ತಿರದ ಕಿವಿ-ಮೂಗು-ಗಂಟಲು ವೈದ್ಯರು ಅದನ್ನು ನೋಡಬಲ್ಲರು; ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರವನ್ನು ಮಾತ್ರ ಜೊತೆಗೆ ತನ್ನಿ, ಯಾವ ಔಷಧ ಎಷ್ಟು ಕೊಟ್ಟಿದ್ದಾರೆಂಬುದು ಅದರಲ್ಲಿರುತ್ತದೆ.

ಅರಿವಳಿಕೆ ತಜ್ಞೆ, ಹಾಸನ

ಎರಡನೆಯ ಡೋಸ್ ಕುರಿತು ಡಾಕ್ಟರರ ಮಾತಿಗೆ ನನ್ನದೊಂದು ಸೇರ್ಪಡೆ. ಹಲವು ಡೋಸ್ ಕೊಟ್ಟವರಲ್ಲಿ ಊತ ಇನ್ನೂ ಕಡಿಮೆಯಾಗಿದೆ ಎಂದು ತೋರಿಸುವ ಅಧ್ಯಯನಗಳೂ ಇವೆ, ಆದ್ದರಿಂದ ಸಕ್ಕರೆಯ ತೊಂದರೆಯೇ ಇಲ್ಲದವರಿಗೆ, ಮೂಳೆಯ ಕೆಲಸ ಬಹಳವಿದ್ದಾಗ, ಆಸ್ಪತ್ರೆಯಲ್ಲೇ ಒಂದು ದಿನದೊಳಗೆ ಮುಗಿಯುವಂತೆ ಎರಡನೆಯದನ್ನು ಕೊಡುವುದನ್ನು ನಾನು ವಿರೋಧಿಸುವುದಿಲ್ಲ. ನಿಮ್ಮ ತಂಗಿಯ ವಿಷಯದಲ್ಲಿ ಮಾತ್ರ ಒಂದೇ ಸಾಕು ಎಂಬುದರಲ್ಲಿ ನಾವಿಬ್ಬರೂ ಒಂದೇ ಮಾತಿನವರು. ಇಂಜೆಕ್ಷನ್ ಒಪ್ಪಿದರೆ ಅದೇ ಸಂಜೆ ಮತ್ತು ಮರುದಿನ ಬೆಳಿಗ್ಗೆ ಬೆರಳಿನ ರಕ್ತದಲ್ಲಿ ಸಕ್ಕರೆ ನೋಡಲು ಹೇಳಿ. ಎರಡನೆಯ ದಿನಕ್ಕೂ ಅದು 180ರ ಮೇಲೆಯೇ ನಿಂತರೆ ಮನೆಗೆ ಕಳುಹಿಸುವ ಮೊದಲು ವೈದ್ಯರು ಅದನ್ನು ವಿಚಾರಿಸಬೇಕು. ಬೆಂಗಳೂರಿನಲ್ಲಿ ಅರಿವಳಿಕೆ ತಪಾಸಣೆಗೆ ಹೋಗುವ ದಿನ ತಾಯಿಯನ್ನೂ ಕರೆದುಕೊಂಡು ಹೋಗಿ. ಅಲ್ಲಿರುವ ವೈದ್ಯರಿಗೆ ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.